ತಲೆಬರಹ ಓದಿದೆ, ಹಣೆಬರಹ ಬರೆದೆ

1929ರ ಅಕ್ಟೋಬರ್ 30ರಂದು ‘ವೆರೈಟಿ’ ಪತ್ರಿಕೆ ಹಾಕಿದ ಹೆಡ್ಡಿಂಗು ಇದು: ವಾಲ್ ಸ್ಟ್ರೀಟ್ ಮೊಟ್ಟೆ ಇಟ್ಟಿತು. ಅದು ನಾಟಕ, ಸಿನಿಮಾ ಮಂದಿಯ ಪತ್ರಿಕೆ. ಅವರ ಮಾತಿನಲ್ಲಿ ಮೊಟ್ಟೆ ಇಡೋದು ಅಂದರೆ ಆಟ ತೋಪಾಗೋದು. ವಾಲ್ ಸ್ಟ್ರೀಟ್ ಅಂದರೆ ನ್ಯೂಯಾರ್ಕ್ ಷೇರುಪೇಟೆಯ ಬೀದಿ. ಹಿಂದಿನ ದಿನ ಆ ಪೇಟೆ ಕುಸಿದು ಬಿದ್ದಿತ್ತು. ಒಂದೇ ದಿನ ಸುಮಾರು 1 ಕೋಟಿ 60 ಲಕ್ಷ ಷೇರು ಕೈ ಬದಲಾಗಿದ್ದವು. ಆದರೆ ಆ ಸಾಲನ್ನು ಕನ್ನಡದಲ್ಲಿ ನೋಟ್‌ಬುಕ್ಕಿಗೆ ಇಳಿಸಿಕೊಂಡಾಗ ನನಗೆ ತೋಪು ಕಾಣಲಿಲ್ಲ, ಮೊಟ್ಟೆಯೇ ಕಂಡಿತು. ಬೆಳ್ಳಗೆ, ಮನೆಯಷ್ಟು ದೊಡ್ಡದು, ರಸ್ತೆ ಮಧ್ಯೆ. ಸರಿ, ಇಟ್ಟಾಯ್ತು. ಕಾವಿಗೆ ಕೂರೋರು ಯಾರು?

ನನ್ನ ಈ ಬರವಣಿಗೆ ಶುರುವಾಗಿದ್ದು ಆ ಪ್ರಶ್ನೆಯಿಂದ. ಅಮೆರಿಕದ ಮಹಾ ಆರ್ಥಿಕ ಕುಸಿತದ ಕಾಲದ ಒಂದು ತಲೆಬರಹ ಹಿಡಿದು, ಮಾರನೇ ದಿನ ಏನೇನಾಗಿರಬಹುದು ಅಂತ ನಗೆಬರಹ ಬರೆಯುತ್ತೇನೆ. ನ್ಯೂಜೆರ್ಸಿಯಲ್ಲಿ ನಾವು ಹತ್ತು ಹದಿನೈದು ಕನ್ನಡದ ಮನೆಯವರು ತಿಂಗಳಿಗೊಮ್ಮೆ ಸೇರುತ್ತೇವೆ. ಅಲ್ಲಿ ಓದುತ್ತೇನೆ.

ಮೊಟ್ಟೆಯ ಕಥೆ ಹೀಗೆ ಬೆಳೆಯಿತು. ಬೆಳಿಗ್ಗೆ ದಲ್ಲಾಳಿಗಳೆಲ್ಲ ಮೊಟ್ಟೆ ಸುತ್ತ ಸೇರುತ್ತಾರೆ. ನಿನ್ನೆವರೆಗೂ ‘ಕೋಳಿ ನಂದು’ ಅಂತ ಕಚ್ಚಾಡುತ್ತಿದ್ದವರು ಇವತ್ತು ‘ಆ ಕೋಳಿಯ ಮುಖವನ್ನೇ ನೋಡಿಲ್ಲ’ ಅನ್ನುತ್ತಾರೆ. ಒಬ್ಬ ಬ್ಯಾಂಕಿನವನು ಒಳಗಿರುವ ಮರಿಯನ್ನು ಒತ್ತೆ ಇಟ್ಟುಕೊಂಡು ಸಾಲ ಕೊಡುತ್ತಾನೆ. ಕೊನೆಗೆ ಆಫೀಸು ಗುಡಿಸುವ ಮುದುಕಿಯನ್ನು ಕಾವಿಗೆ ಕೂರಿಸುತ್ತಾರೆ. ಕೋಳಿಮರಿ ಇಪ್ಪತ್ತೊಂದು ದಿನಕ್ಕೆ ಹೊರಗೆ ಬರುತ್ತೆ, ಅಲ್ವಾ? ಇದು ಬರೋದೇ ಇಲ್ಲ. ಆಕೆ 1932ರ ಜುಲೈವರೆಗೂ ಕೂರಬೇಕಾಗುತ್ತೆ. ಆ ತಿಂಗಳನ್ನು ನಾನು ಸುಮ್ನೆ ಆರಿಸಿದ್ದಲ್ಲ. 1929ರ ಸೆಪ್ಟೆಂಬರಿನಲ್ಲಿ 381 ಮುಟ್ಟಿದ್ದ ಡೌ ಜೋನ್ಸ್ ಸೂಚ್ಯಂಕ, ಅಂದರೆ ದೊಡ್ಡ ಕಂಪನಿಗಳ ಷೇರು ಬೆಲೆಯ ಅಳತೆಗೋಲು, ತಳ ಕಂಡಿದ್ದು 1932ರ ಜುಲೈ 8ರಂದು, 41ಕ್ಕೆ ಇಳಿದಾಗ. ಕಲ್ಪನೆ ಎಷ್ಟು ಬೇಕಾದರೂ ಹಾರಲಿ, ಅದರ ಕಾಲಿಗೆ ಕಟ್ಟಿದ ದಾರ ನಿಜದ ಗೂಟದಲ್ಲಿರಬೇಕು ಅನ್ನೋದು ನನ್ನ ಹಟ. ದಾರ ಬಿಚ್ಚಿದರೆ ನಗೆ ಬರೀ ಗದ್ದಲವಾಗುತ್ತೆ.

ಹುಡುಕುವ ಕೆಲಸ ಕಷ್ಟವಲ್ಲ. ಅಮೆರಿಕದ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನವರ ‘ಕ್ರಾನಿಕ್ಲಿಂಗ್ ಅಮೆರಿಕ’ ಅನ್ನೋ ಆನ್‌ಲೈನ್ ಸಂಗ್ರಹದಲ್ಲಿ ಹಳೇ ಪತ್ರಿಕೆಗಳ ಪುಟಗಳು ಪುಕ್ಕಟೆ ಸಿಗುತ್ತವೆ. ಇಸವಿ ಹಾಕಿ ಹುಡುಕಬಹುದು. ನಾನು ಸುದ್ದಿಯನ್ನು ಕತ್ತರಿಸಿ ತಗೊಳ್ಳೋದಿಲ್ಲ, ಇಡೀ ಪುಟ ಓದುತ್ತೇನೆ. ಪಕ್ಕದ ಜಾಹೀರಾತಿನಲ್ಲಿ ಬ್ರೆಡ್ಡಿನ ಬೆಲೆ ಇರುತ್ತೆ, ಚಪ್ಪಲಿ ಬೆಲೆ ಇರುತ್ತೆ. ಕಥೆಯ ಮನೆಗೆ ಬೇಕಾದ ಸಾಮಾನು ಅಲ್ಲೇ ಸಿಗುತ್ತೆ. ಆಮೇಲೆ ಒಂದೇ ಪ್ರಶ್ನೆ: ಈ ಸುದ್ದಿ ಯಾರ ಅಡುಗೆಮನೆಗೆ ಹೋಗಿ ತಟ್ಟಿತು?

ನನಗೆ ಬಹಳ ಇಷ್ಟವಾದದ್ದು ಟೆನೈನೋದ ಮರದ ದುಡ್ಡು. ಟೆನೈನೋ ಅನ್ನೋದು ವಾಷಿಂಗ್ಟನ್ ರಾಜ್ಯದ ಸಣ್ಣ ಊರು. 1931ರ ಡಿಸೆಂಬರಿನಲ್ಲಿ ಅಲ್ಲಿನ ಬ್ಯಾಂಕು ಬಾಗಿಲು ಹಾಕಿತು. ಜನರ ದುಡ್ಡು ಒಳಗೆ, ಜನ ಹೊರಗೆ. ಊರಿನ ವ್ಯಾಪಾರಿಗಳು ಸೇರಿ, ತೆಳ್ಳಗೆ ಸೀಳಿದ ಮರದ ಹಾಳೆಯ ಮೇಲೆ ತಾವೇ ನೋಟು ಮಾಡಿಸಿದರು. ಅಚ್ಚು ಹಾಕಿದ್ದು ಊರಿನ ಪತ್ರಿಕೆಯ ಪ್ರೆಸ್ಸಿನಲ್ಲೇ.

ಅಂಥದ್ದೊಂದು ನೋಟನ್ನು ಹಳೇ ನಾಣ್ಯ ಸಂಗ್ರಹಿಸುವವರ ಹತ್ತಿರ ಕೈಯಲ್ಲಿ ಹಿಡಿದು ನೋಡಿದ್ದೇನೆ. ನಮ್ಮ ಕಡೆ ಹಿಂದೆ ಬೆಂಕಿಪೊಟ್ಟಣವನ್ನು ತೆಳು ಮರದಲ್ಲಿ ಮಾಡುತ್ತಿದ್ದರಲ್ಲ, ಹಾಗೇ ಇತ್ತು. ಬೆರಳಾಡಿಸಿದರೆ ಮರದ ಗೆರೆ ತಿಳಿಯುತ್ತೆ. ಬೆಳಕಿಗೆ ಹಿಡಿದರೆ ಅಂಚು ಕೆಂಪಗೆ ಕಾಣುತ್ತೆ. ಬಗ್ಗಿಸಲು ಭಯವಾಯ್ತು. ಆ ಭಯವೇ ನನಗೆ ಕಥೆ ಕೊಟ್ಟಿತು. ಇದನ್ನು ಮಡಚಿ ಜೇಬಿಗೆ ಇಡೋದು ಹೇಗೆ?

ನನ್ನ ಟೆನೈನೋದಲ್ಲಿ ಅಂಗಡಿಯವನು ಚಿಲ್ಲರೆ ಕೊಡಲು ಗಲ್ಲಾಪೆಟ್ಟಿಗೆ ಪಕ್ಕ ಗರಗಸ ಇಟ್ಟುಕೊಂಡಿದ್ದಾನೆ. ಡಾಲರಿಗೆ ಅರ್ಧ ಡಾಲರ್ ವಾಪಸ್ ಬೇಕಾ? ಕೊಯ್ದು ಕೊಡುತ್ತಾನೆ, ಹೊಟ್ಟನ್ನು ಕಮಿಷನ್ ಅಂತ ಇಟ್ಟುಕೊಳ್ಳುತ್ತಾನೆ. ಪೊಲೀಸರು ಕಳ್ಳರನ್ನು ಬಿಟ್ಟು ಗೆದ್ದಲು ಹುಡುಕುತ್ತಿದ್ದಾರೆ. ಮರಕುಟಿಗ ಹಕ್ಕಿಯ ಮೇಲೆ ನೋಟು ಹಾಳು ಮಾಡಿದ ಕೇಸು. ಒಬ್ಬ ಗೃಹಿಣಿ ಚಳಿಗೆ ತಡೆಯಲಾರದೆ ಒಲೆಗೆ ಎರಡು ಡಾಲರ್ ಹಾಕುತ್ತಾಳೆ. ಗಂಡ ಬೈಯುವ ಮೊದಲೇ, ‘ಸೌದೆ ಕೊಳ್ಳೋಕೆ ಹೋಗಿದ್ರೆ ಮೂರು ಡಾಲರ್ ಆಗ್ತಿತ್ತು, ಒಂದು ಉಳಿಸಿದೀನಿ’ ಅನ್ನುತ್ತಾಳೆ. ಕೂಟದಲ್ಲಿ ಜಾಸ್ತಿ ನಗು ಬಂದಿದ್ದು ಇಲ್ಲೇ. ಲೆಕ್ಕ ಸರಿಯಾಗಿತ್ತು, ಅದಕ್ಕೇ ನಗು. ನಿಜವಾಗಿ ನಡೆದದ್ದೂ ಏನೂ ಕಮ್ಮಿ ಇಲ್ಲ. ದೇಶದ ಮೂಲೆಮೂಲೆಯಿಂದ ಸಂಗ್ರಹಕಾರರು ಆ ನೋಟುಗಳನ್ನು ಬಯಸಿ ಕೊಂಡು ಇಟ್ಟುಕೊಂಡರು.

ಕೆಲವು ಸುದ್ದಿಗೆ ಕೈ ಹಾಕಲೇಬಾರದು. 1933ರಲ್ಲಿ ವರ್ಜೀನಿಯಾದ ಅಬಿಂಗ್ಡನ್‌ನಲ್ಲಿ ಬಾರ್ಟರ್ ಥಿಯೇಟರ್ ಅಂತ ಶುರುವಾಯ್ತು. ಟಿಕೆಟ್ಟು 40 ಸೆಂಟ್, ಇಲ್ಲದಿದ್ದರೆ ಅಷ್ಟು ಬೆಲೆಯ ತರಕಾರಿ, ಹಾಲು, ಕೋಳಿ. ಮೊದಲ ವರ್ಷದ ಆಟ ಮುಗಿದಾಗ ಉಳಿದಿದ್ದು 4 ಡಾಲರ್ 35 ಸೆಂಟ್, ಎರಡು ಪೀಪಾಯಿ ಜೆಲ್ಲಿ, ಮತ್ತು ನಟರೆಲ್ಲರ ಮೈಮೇಲೆ ಹೊಸದಾಗಿ ಏರಿದ ಒಟ್ಟು 300 ಪೌಂಡ್ ತೂಕ ಅಂತ ಅವರೇ ಹೇಳಿಕೊಳ್ಳುತ್ತಾರೆ. ಇದಕ್ಕೆ ನಾನೇನು ಸೇರಿಸಲಿ? ಇದ್ದ ಹಾಗೇ ಓದಿದೆ.

ಒಂದು ಕಥೆಯನ್ನು ಮಾತ್ರ ಪೂರ್ತಿ ತಿದ್ದಿ ಬರೆಯಬೇಕಾಯ್ತು. 1930ರ ಕೊನೆಯಲ್ಲಿ ನ್ಯೂಯಾರ್ಕಿನ ಬೀದಿಬೀದಿಯಲ್ಲಿ ಕೆಲಸ ಹೋದವರು ಸೇಬು ಮಾರಲು ನಿಂತರು. ಹಣ್ಣಿನ ವರ್ತಕರು ಸಾಲಕ್ಕೆ ಪೆಟ್ಟಿಗೆ ಕೊಡುತ್ತಿದ್ದರು. ಒಂದಕ್ಕೆ 5 ಸೆಂಟ್. ನಾನು ಬರೆದಿದ್ದು, ಊರೆಲ್ಲ ಸೇಬು ಮಾರುವವರೇ ಆಗಿ ಒಬ್ಬರಿಗೊಬ್ಬರು ಮಾರಿಕೊಳ್ಳುವ ಕಥೆ. ಓದಿದಾಗ ಎಲ್ಲರೂ ನಕ್ಕರು. ಮಗನ ಮನೆಗೆ ಬಂದಿದ್ದ ದಾವಣಗೆರೆಯ ಹಿರಿಯರೊಬ್ಬರು ನಗಲಿಲ್ಲ. ಗಿರಣಿ ಮುಚ್ಚಿದ ಮೇಲೆ ಅವರು ಎರಡು ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಶೇಂಗಾ ಮಾರಿದ್ದರಂತೆ. ‘ನೋಡು ತಮ್ಮಾ, ಮಾರೋನ ಮ್ಯಾಲೆ ಯಾಕ್ ನಗಿಸ್ತೀ? ಮುಖ ತಿರುಗಿಸ್ಕೊಂಡು ಹೋಗ್ತಾನಲ್ಲ, ಅವನ ಕಥಿ ಬರಿ’ ಅಂದರು.

ಆ ರಾತ್ರಿಯೇ ಕೂತೆ. ಹೊಸ ಕಥೆಯಲ್ಲಿ ಸೂಟು ಹಾಕಿದವನೊಬ್ಬ ಆಫೀಸಿಗೆ ಹೊರಟಿದ್ದಾನೆ. ಸೇಬಿನವನನ್ನು ಕಂಡು ರಸ್ತೆ ದಾಟುತ್ತಾನೆ. ಆ ಬದಿಯಲ್ಲೂ ಒಬ್ಬ. ತಪ್ಪಿಸಿಕೊಳ್ಳಲಾಗದೆ ಒಂದು ಕೊಳ್ಳುತ್ತಾನೆ, ಮತ್ತೆ ದಾಟುತ್ತಾನೆ. ಹೀಗೇ ಹಾವಿನ ಹಾಗೆ ಹರಿದಾಡುತ್ತಾ ಆಫೀಸು ಮುಟ್ಟುವಾಗ ಕೈತುಂಬ ಹದಿನಾಲ್ಕು ಸೇಬು. ಆಫೀಸಿನ ಬಾಗಿಲಿಗೆ ಬೀಗ. ಕಂಪನಿ ಮುಳುಗಿದೆ. ಅವನು ಸ್ವಲ್ಪ ಹೊತ್ತು ಬೀಗ ನೋಡುತ್ತಾನೆ. ಆಮೇಲೆ ಟೋಪಿ ತೆಗೆದು ಮೆಟ್ಟಿಲ ಮೇಲೆ ಬೋರಲಿಟ್ಟು, ಅದರ ಸುತ್ತ ಹದಿನಾಲ್ಕನ್ನೂ ಒರೆಸಿ ಜೋಡಿಸುತ್ತಾನೆ.

ಮುಂದಿನ ತಿಂಗಳು ಇದನ್ನು ಓದಿದೆ. ಆ ಹಿರಿಯರು ಊರಿಗೆ ಹೊರಡಲು ಇನ್ನೂ ನಾಲ್ಕು ದಿನವಿತ್ತು. ಬೀಗದ ಹತ್ತಿರ ಬಂದಾಗ ಅವರು ಮುಂದಕ್ಕೆ ಬಾಗಿದರು. ಒರೆಸಿ ಜೋಡಿಸುವ ಸಾಲಿಗೆ ಜೋರಾಗಿ ನಕ್ಕರು, ಕಣ್ಣೂ ಒರೆಸಿಕೊಂಡರು.

‘ಮೊದಲನೇದು ಎಷ್ಟೊತ್ತಿಗೆ ಹೋತು?’ ಅಂತ ಕೇಳಿದರು.