ಗುರುತಿಲ್ಲದ 20 ಮಂದಿ, ಒಂದು ಪಡಸಾಲೆ

ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ನಮ್ಮ ಮನೆಯಲ್ಲಿ ವಿಜಯದಶಮಿ ಕಳೆದ ಮೊದಲ ಶನಿವಾರ ಸಂಜೆ ಸುಮಾರು 20 ಮಂದಿ ಸೇರುತ್ತಾರೆ. ಆರು ವರ್ಷದಿಂದ ಇದು ನಡೆದು ಬಂದಿದೆ. ಯಜಮಾನರ ರೈಲ್ವೆ ಆಫೀಸಿನವರು, ಧಾರವಾಡದಲ್ಲಿ ನನ್ನ ಜೊತೆ ಕಲಿತ ಗೆಳತಿಯರು, ಓಣಿಯವರು, ಗದಗಿನ ನನ್ನ ತವರಿನ ಒಂದಿಬ್ಬರು. ಎಲ್ಲರೂ ನಮಗೆ ಬೇಕಾದವರೇ. ಆದರೆ ಅವರವರಲ್ಲಿ ಗುರುತಿಲ್ಲ. ಹಾಗೇ ಬಿಟ್ಟರೆ ಏನಾಗುತ್ತದೆ ಅಂತ ನಮ್ಮ ಕಡೆಯ ಎಲ್ಲರಿಗೂ ಗೊತ್ತು: ಗಂಡಸರು ಪಡಸಾಲೆಯಲ್ಲಿ ಟಿವಿ ಮುಂದೆ, ಹೆಂಗಸರು ಅಡುಗೆಮನೆಯಲ್ಲಿ, ಹೊಸಬರು ಮೂಲೆಯಲ್ಲಿ ಮೊಬೈಲ್ ಹಿಡಿದು. ಉಂಡು, ಎಲೆ ಅಡಿಕೆ ಹಾಕಿಕೊಂಡು, 'ಬರ್ತೇವ್ರಿ' ಅಂತ ಹೊರಡುತ್ತಾರೆ.

ಮೊದಲ ವರ್ಷ ಇದನ್ನು ತಪ್ಪಿಸಲು ಹೋಗಿ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಎಲ್ಲರನ್ನೂ ಗೋಡೆಗುಂಟ ಕುರ್ಚಿ ಹಾಕಿ ಕೂಡಿಸಿ, 'ಒಬ್ಬೊಬ್ಬರಾಗಿ ಪರಿಚಯ ಹೇಳ್ರಿ, ಊರು, ಕೆಲಸ, ಮಕ್ಕಳು' ಅಂದೆ. ನಾಲ್ಕನೆಯವಳು ನಮ್ಮ ಓಣಿಗೆ ಹೊಸದಾಗಿ ಬಂದಿದ್ದ ತಂಗಿ. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅದು ನನಗೆ ಗೊತ್ತಿರಲಿಲ್ಲ. ಊರು ಹೇಳಿದಳು, ಕೆಲಸ ಹೇಳಿದಳು, ಅಲ್ಲಿಗೆ ನಿಂತಳು. ಯಾರೋ 'ಮಕ್ಕಳೆಷ್ಟು ಮಂದಿ?' ಅಂತ ಕೇಳಿಯೇ ಬಿಟ್ಟರು. 'ನೀರು ಕುಡದು ಬರ್ತೇನ್ರಿ' ಅಂತ ಎದ್ದು ಅಡುಗೆಮನೆಗೆ ಹೋದವಳು ಊಟ ಮುಗಿಯುವವರೆಗೂ ಹೊರಗೆ ಬರಲಿಲ್ಲ. ರೊಟ್ಟಿ ಬಿಸಿ ಮಾಡುತ್ತ ಒಲೆಯ ಮುಂದೆಯೇ ನಿಂತುಬಿಟ್ಟಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಎರಡು ಕಟ್ಟಳೆ. ಒಬ್ಬರನ್ನೇ ನಿಲ್ಲಿಸಿ ಉಳಿದವರೆಲ್ಲ ನೋಡುವಂಥ ಆಟ ಮೊದಲ ಒಂದು ತಾಸು ಬೇಡ. ಮಕ್ಕಳು, ಪಗಾರ, ಮನೆತನದ ಅಡ್ಡಹೆಸರು, 'ನಿಮ್ಮ ಪೈಕಿ ಯಾವುದು' ಅನ್ನುವುದಕ್ಕೆ ದಾರಿ ಮಾಡಿಕೊಡುವ ಪ್ರಶ್ನೆ ಯಾವ ಆಟದಲ್ಲೂ ಬೇಡ. ಎಲ್ಲರೂ ಒಟ್ಟಿಗೆ ಎದ್ದು ಓಡಾಡುವ ಆಟ ಮೊದಲು, ಆಮೇಲೆ ಮೂರು ಮೂರು ಮಂದಿಯದು, ಕಡೆಗೆ ಮನಸ್ಸಿದ್ದವರು ಮಾತ್ರ ಒಬ್ಬರೇ ಮುಂದೆ ಬರುವುದು. ಮನೆಯಲ್ಲಿ ಆಟ ಇಡುವವರಿಗೆ ಯಾವ ಆಟ ಅನ್ನುವುದಕ್ಕಿಂತ ಈ ಸರತಿಯೇ ಮುಖ್ಯ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಒಳ್ಳೆಯ ಆಟವನ್ನೇ ತಪ್ಪು ಹೊತ್ತಿನಲ್ಲಿ ಇಟ್ಟರೆ ಜನ ಇನ್ನಷ್ಟು ಮುದುಡಿಕೊಳ್ಳುತ್ತಾರೆ.

ಸಂಜೆ ಶುರುವಾಗುವುದು ಬಾಗಿಲಲ್ಲೇ. ಬನ್ನಿ ಕೊಡುವುದು ನಮ್ಮ ಕಡೆ ಹಬ್ಬದ ದಿನಕ್ಕೇ ಮುಗಿಯುವುದಿಲ್ಲ, ಆಮೇಲೆ ಸಿಕ್ಕವರಿಗೂ ಕೊಡುತ್ತೇವೆ. ಅದನ್ನೇ ಹಿಡಿದುಕೊಂಡೆ. ಚಪ್ಪಲಿ ಬಿಟ್ಟು ಒಳಗೆ ಬಂದವರ ಕೈಯಲ್ಲಿ ಐದು ಎಸಳು ಬನ್ನಿ ಇಟ್ಟು, 'ಇವತ್ತಿನವರೆಗೂ ಮಾತಾಡಿಸದ ಐದು ಮಂದಿಗೆ ಕೊಟ್ಟು ಬರ್ರಿ' ಅನ್ನುತ್ತೇನೆ. 'ಬನ್ನಿ ತಗೊಂಡು ಬಂಗಾರದಂಗ ಇರೋಣ' ಅನ್ನುವ ಮಾತು ಎಲ್ಲರ ನಾಲಗೆಯ ಮೇಲೂ ಇದೆ, ಏನು ಮಾತಾಡಲಿ ಅಂತ ಯೋಚಿಸಬೇಕಾಗಿಲ್ಲ. ಚಿಕ್ಕವರು ಹಿರಿಯರ ಕಾಲು ಮುಟ್ಟುತ್ತಾರೆ, ಹಿರಿಯರು 'ಯಾರ ಪೈಕಿ ಅಂತ ಕೇಳೂದಿಲ್ಲವ್ವಾ, ನಿನ್ನ ಹೆಸರೇನು?' ಅನ್ನುತ್ತಾರೆ. ಹೀಗೆ ಕೇಳುವುದನ್ನು ನಾನು ಯಾರಿಗೂ ಕಲಿಸಿಲ್ಲ. ನಮ್ಮ ಕಟ್ಟಳೆ ತಿಳಿದ ಎದುರು ಮನೆಯ ಮಾಮಿ ಶುರು ಮಾಡಿದರು, ಉಳಿದವರು ಹಿಡಿದರು.

ಜನ ಕುರ್ಚಿ ಹಿಡಿಯುವ ಮೊದಲೇ ಎರಡನೆಯ ಆಟ ಇಡಬೇಕು. ಒಮ್ಮೆ ಕೂತರೆ ಎಬ್ಬಿಸುವುದು ಕಷ್ಟ. ಇದಕ್ಕೆ ನಾವು 'ನಿಮ್ಮೂರಿಗೆ ನಿಲ್ರಿ' ಅಂತ ಹೆಸರಿಟ್ಟಿದ್ದೇವೆ. ಪಡಸಾಲೆಯ ನಡುವೆ ಒಂದು ತಂಬಿಗೆ ಇಟ್ಟು, 'ಇದು ಹುಬ್ಬಳ್ಳಿ, ಕಿಟಕಿ ಇರುವ ಕಡೆ ಉತ್ತರ' ಅಂತ ಹೇಳುತ್ತೇನೆ. ಪ್ರತಿಯೊಬ್ಬರೂ ತಾವು ಹುಟ್ಟಿದ ಊರು ಎಲ್ಲಿ ಬರುತ್ತದೋ ಅಲ್ಲಿಗೆ ಹೋಗಿ ನಿಲ್ಲಬೇಕು. ಧಾರವಾಡದವರು ತಂಬಿಗೆಯಿಂದ ಎರಡು ಹೆಜ್ಜೆ ವಾಯವ್ಯಕ್ಕೆ, ಗದಗಿನವರು ಪೂರ್ವದ ಗೋಡೆಯ ಕಡೆಗೆ, ಹಾವೇರಿ, ರಾಣೆಬೆನ್ನೂರಿನವರು ದಕ್ಷಿಣದ ಬಾಗಿಲ ಕಡೆಗೆ. ಸರಿಯಾಗಿ ನಿಲ್ಲಬೇಕಾದರೆ ಪಕ್ಕದವರನ್ನು ಕೇಳಲೇಬೇಕು: 'ನೀವು ಯಾವೂರ್ರಿ? ಹಂಗಾರ ನಾ ನಿಮ್ಮ ಈ ಕಡೆ ಬರಬೇಕು.' ಅಷ್ಟರಲ್ಲಿ ಮಾತು ಶುರುವಾಗಿರುತ್ತದೆ.

ಎರಡನೆಯ ವರ್ಷ ನಡೆದದ್ದು ಇದು. ಯಜಮಾನರ ಆಫೀಸಿನ ಹಿರಿಯ ಗುಮಾಸ್ತರ ಹೆಂಡತಿಯೂ ನನ್ನ ಧಾರವಾಡದ ಗೆಳತಿಯೂ ಪೂರ್ವದ ಮೂಲೆಯಲ್ಲಿ ಮೈಗೆ ಮೈ ತಾಗಿಸಿಕೊಂಡು ನಿಲ್ಲಬೇಕಾಯಿತು. ಇಬ್ಬರೂ ಮುಂಡರಗಿ ತಾಲೂಕಿನವರು, ಒಬ್ಬರ ಊರಿನಿಂದ ಇನ್ನೊಬ್ಬರ ಊರಿಗೆ ನಡೆದು ಹೋಗಬಹುದು. ನಮ್ಮ ಮನೆಗೆ ಹಿಂದಿನ ವರ್ಷವೂ ಬಂದಿದ್ದರು, ಒಂದೇ ಸೋಫಾದ ಮೇಲೆ ಕೂತಿದ್ದರು, ಗೊತ್ತೇ ಆಗಿರಲಿಲ್ಲ. ಅದೇ ಸಂಜೆ ಪಾಲಕ್ಕಾಡಿನ ಸಹೋದ್ಯೋಗಿಯೊಬ್ಬರು ದಕ್ಷಿಣಕ್ಕೆ ಹೋಗುತ್ತ ಹೋಗುತ್ತ ಬಾಗಿಲು ದಾಟಿ ಗೇಟಿನ ಹತ್ತಿರ ನಿಂತರು. ಎಲ್ಲರೂ ಕಿಟಕಿಯಿಂದ ಇಣುಕಿ ಅವರನ್ನು ಕೂಗಿದರು. ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲಿರುವುದರಿಂದ ಇಂಥ ದೂರದ ಊರಿನವರು ನಮ್ಮಲ್ಲಿಗೆ ಬರುತ್ತಲೇ ಇರುತ್ತಾರೆ. ಕನ್ನಡ ಅಷ್ಟಾಗಿ ಬಾರದವರಿಗೂ ಈ ಆಟ ಆಡಲು ಬರುತ್ತದೆ, ಏಕೆಂದರೆ ಇದರಲ್ಲಿ ನಿಂತರೆ ಸಾಕು.

ಇಲ್ಲೊಂದು ಎಚ್ಚರ. ಹುಬ್ಬಳ್ಳಿಯವರು ಒಂದು ಕಡೆ, ಧಾರವಾಡದವರು ಒಂದು ಕಡೆ ಅಂತ ಪಂಗಡ ಮಾಡಬೇಡಿ. 20 ಕಿಲೋಮೀಟರ್ ಅಂತರದ ಅವಳಿ ನಗರ, ಪೈಪೋಟಿ ಮಜಾ ಇರುತ್ತದೆ ಅಂತ ಒಂದು ವರ್ಷ ನಾನು ಮಾಡಿ ನೋಡಿದೆ. ಪೈಪೋಟಿಯೇನೋ ಆಯಿತು. ಆದರೆ ಗುರುತಿದ್ದವರು ಗುರುತಿದ್ದವರ ಜೊತೆಗೇ ಕೂತರು, ಇಡೀ ಸಂಜೆಯ ಉದ್ದೇಶವೇ ಹೋಯಿತು.

ಆಮೇಲೆ ಜನರ ಹೌಸಿ. ಹೌಸಿ ಅಂದರೆ ನಮ್ಮಲ್ಲಿ ಮದುವೆಯ ಹಿಂದಿನ ದಿನ, ಗಣಪತಿ ಪೆಂಡಾಲಿನಲ್ಲಿ ಎಲ್ಲರೂ ಆಡಿದ ಆಟ. 1ರಿಂದ 90ರವರೆಗಿನ ಅಂಕಿ, ಚೀಟಿಯಲ್ಲಿ 15. ಇಲ್ಲಿ ಅಂಕಿಯ ಬದಲು ಜನ. ಒಂದು ಹಾಳೆಯಲ್ಲಿ ಮೂರು ಸಾಲು, ಸಾಲಿಗೆ ಮೂರು ಮನೆ. ಒಂದೊಂದು ಮನೆಯಲ್ಲಿ ಒಂದೊಂದು ಮಾತು: ಹತ್ತಿ ಬಿಡಿಸಿದವರು. ನಾಟಕದಲ್ಲಿ ಬಣ್ಣ ಹಚ್ಚಿದವರು. ಪಂಚಮಿಯ ಜೋಕಾಲಿಯಿಂದ ಬಿದ್ದವರು. ರೊಟ್ಟಿ ಬಡಿಯಲು ಬರುವ ಗಂಡಸರು. ಚಿಗರಿ ಬಸ್ಸಿನಲ್ಲಿ ದಿನಾ ಧಾರವಾಡಕ್ಕೆ ಹೋಗಿ ಬರುವವರು. ಸಿದ್ಧಾರೂಢ ಮಠದ ಜಾತ್ರೆಯಲ್ಲಿ ತಪ್ಪಿಸಿಕೊಂಡು ಅತ್ತವರು. ಅಂಥವರನ್ನು ಹುಡುಕಿ ಆ ಮನೆಯಲ್ಲಿ ಅವರ ಹೆಸರು ಬರೆಸಿಕೊಳ್ಳಬೇಕು. ಒಬ್ಬರ ಹೆಸರು ಒಂದೇ ಸಲ. ಈ ಒಂದು ನಿಯಮ ಬಿಟ್ಟರೆ ಆಟ ಕೆಡುತ್ತದೆ, ಗಂಡನ ಹೆಸರನ್ನೇ ಐದು ಮನೆಗೆ ತುಂಬಿ ಕೂತುಬಿಡುತ್ತಾರೆ.

ಕೈಯಲ್ಲಿ ಕಾಗದ, ಪೆನ್ಸಿಲ್ ಇದ್ದರೆ ನಾಚಿಕೆಯವರಿಗೆ ದೊಡ್ಡ ಆಸರೆ. ಮಾತಾಡಿಸಲು ಕಾರಣ ಸಿಗುತ್ತದೆ, ಉತ್ತರ ಬರೆಸಿಕೊಂಡು ಮುಂದೆ ಹೋಗಲೂ ಕಾರಣ ಸಿಗುತ್ತದೆ. ನಿವೃತ್ತರಾದ, ಯಾವತ್ತೂ ಎರಡು ಮಾತಿಗಿಂತ ಹೆಚ್ಚು ಆಡದ ಮಾಮಾ ಒಬ್ಬರ ಸುತ್ತ ಒಂದು ಸಲ ಆರೇಳು ಮಂದಿ ನೆರೆದಿದ್ದರು. ಏನಂದರೆ, ಹರೆಯದಲ್ಲಿ ಊರ ನಾಟಕದಲ್ಲಿ ಅವರು ಸ್ತ್ರೀಪಾತ್ರ ಮಾಡುತ್ತಿದ್ದರು. ಅವರ ಸೊಸೆಗೂ ಈ ಸಂಗತಿ ಗೊತ್ತಿರಲಿಲ್ಲ. ಚೀಟಿ ಬರೆಯುವಾಗ ಬಂದವರ ಬದುಕು ನೆನೆದು ಬರೆಯಬೇಕು. ಯಾರನ್ನೂ ಕೀಳು ಮಾಡುವ, ಯಾರದೋ ಕೊರತೆ ಎತ್ತಿ ತೋರಿಸುವ ಮಾತು ಅದರಲ್ಲಿ ಇರಬಾರದು. ನಾನು ಒಂಬತ್ತು ಮನೆಗೆ ಎರಡು ಸಂಜೆ ಕೂತು ಯೋಚಿಸುತ್ತೇನೆ.

ಇಷ್ಟಾಗುವ ಹೊತ್ತಿಗೆ ಹಸಿವೆ. ಗಿರ್ಮಿಟ್ಟನ್ನೂ ಆಟ ಮಾಡಿದ್ದೇವೆ. ಟೊಪ್ಪಿಗೆಯಲ್ಲಿ ಮಡಚಿದ ಚೀಟಿಗಳು. ಒಂದೊಂದರಲ್ಲಿ ಚುರಮರಿ, ಉಳ್ಳಾಗಡ್ಡಿ, ಪುಠಾಣಿ ಅಂತ ಬರೆದು ಮೂಲೆಗೆ ಒಂದು ಬಣ್ಣ ಹಚ್ಚಿರುತ್ತೇನೆ. ಒಂದೇ ಬಣ್ಣದ ಮೂವರು ಒಂದು ಬುಟ್ಟಿ. ಗಂಡ ಹೆಂಡತಿಗೆ ಒಂದೇ ಬಣ್ಣ ಬಂದರೆ ಚೀಟಿ ಬದಲಿಸಬೇಕು. ಹುಣಸೆ, ಬೆಲ್ಲ, ಹಸಿಮೆಣಸಿನಕಾಯಿ ಹಾಕಿದ ಒಗ್ಗರಣೆ ನಾನು ಮೊದಲೇ ಮಾಡಿ ಆರಿಸಿಟ್ಟಿರುತ್ತೇನೆ. ಮೂವರೂ ಸೇರಿ ಅದಕ್ಕೆ ಚುರಮರಿ ಹಾಕಿ, ಪುಠಾಣಿ ಹಿಟ್ಟು ಉದುರಿಸಿ, ಮೇಲೆ ಹಸಿ ಉಳ್ಳಾಗಡ್ಡಿ, ಕೊತಂಬರಿ, ಸೇವು ಹಾಕಿ ಕಲಸಬೇಕು. ಕಲಸಿದ ಗಿರ್ಮಿಟ್ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಚುರಮರಿ ಮೆತ್ತಗಾಗುತ್ತದೆ. ಹಾಗಾಗಿ ಮೂವರೂ ಅಲ್ಲೇ ನಿಂತು ತಿನ್ನಲೇಬೇಕು, ತಟ್ಟೆ ಹಿಡಿದು ತಮ್ಮವರ ಹತ್ತಿರ ಹೋಗಲು ಹೊತ್ತಿರುವುದಿಲ್ಲ. ಯಾರದು ರುಚಿ ಅಂತ ಎಲ್ಲರಿಗಿಂತ ಹಿರಿಯರು ಹೇಳುತ್ತಾರೆ. 'ಉಪ್ಪು ಬೇಕೇನ್ರಿ?', 'ಇನ್ನೊಂದು ಹಿಡಿ ಹಾಕ್ರಿ ವೈನಿ', ಇಷ್ಟರಲ್ಲೇ ಗಂಡಸರು ಅಡುಗೆಯ ಕಟ್ಟೆಗೂ ಹೆಂಗಸರು ಪಡಸಾಲೆಗೂ ಬಂದಿರುತ್ತಾರೆ.

ಬೆನ್ನ ಮೇಲಿನ ಹೆಸರಿನ ಆಟ ಎಲ್ಲರಿಗೂ ಗೊತ್ತಿರುವಂಥದ್ದು: ಪಿನ್ನಿನಿಂದ ಬೆನ್ನಿಗೆ ಒಂದು ಹೆಸರು ಚುಚ್ಚಿರುತ್ತದೆ, 'ಹೌದು', 'ಅಲ್ಲ' ಅನ್ನುವ ಉತ್ತರದಿಂದಲೇ ಅದು ಯಾರೆಂದು ಕಂಡುಹಿಡಿಯಬೇಕು. ನಮ್ಮೂರಿನಲ್ಲಿ ಇದಕ್ಕೆ ಬೇರೆಯೇ ರಂಗು. 'ನಾನು ಹಾಡವರೇನ್ರಿ?' ಅಂತ ಕೇಳಿ 'ಹೌದು' ಅಂತ ಉತ್ತರ ಬಂದರೂ ಏನೂ ಬಗೆಹರಿಯುವುದಿಲ್ಲ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ, ಪುಟ್ಟರಾಜ ಗವಾಯಿ, ಎಲ್ಲರೂ ಉಳಿದೇ ಇರುತ್ತಾರೆ. 'ಭಾರತರತ್ನ ಬಂದೈತೇನ್ರಿ?' ಅಂದಾಗ ಮಾತ್ರ ಭೀಮಸೇನ ಜೋಶಿಯವರು ಸಿಗುತ್ತಾರೆ. ಅಂತ್ಯಾಕ್ಷರಿಯನ್ನು ನಾನು ಕೈಬಿಟ್ಟಿದ್ದೇನೆ. ಬೇರೆ ಭಾಷೆಯವರು ಸುಮ್ಮನೆ ಕೂರಬೇಕಾಗುತ್ತದೆ. ಸಂಗೀತ ಕುರ್ಚಿಯೂ ಬೇಡ, ಮೊಣಕಾಲು ನೋವಿನವರು ಮೊದಲ ಸುತ್ತಿಗೇ ಹೊರಗೆ.

ಊಟಕ್ಕೆ ಕಡಕ್ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಮೊಸರು, ಮೇಲೊಂದು ಧಾರವಾಡ ಪೇಢಾ. ಎಲ್ಲವೂ ಮುಂಚೆಯೇ ಸಿದ್ಧ. ಮನೆಯೊಡತಿ ಒಲೆಯ ಮುಂದೆ ನಿಂತರೆ ಆಟ ನಡೆಸುವವರು ಯಾರು?

ಉಂಡ ಮೇಲೆ ಒಡಪು. ನನಗೆ ಎಲ್ಲಕ್ಕಿಂತ ಪ್ರೀತಿಯದು ಇದು. ನಮ್ಮ ಕಡೆ ಮದುವೆಯಲ್ಲಿ, ಸೀಮಂತದಲ್ಲಿ, ಹೊಸ್ತಿಲು ದಾಟುವಾಗ ಗಂಡನ ಹೆಸರನ್ನು ಪ್ರಾಸದ ಮಾತಿನೊಳಗೆ ಹೆಣೆದು ಹೇಳಿಸುತ್ತಾರಲ್ಲ, ಅದೇ. ಹಳೆಯ ಕಾಲದಲ್ಲಿ ಗಂಡನ ಹೆಸರು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ, ಒಡಪಿನಲ್ಲಿ ಮಾತ್ರ ಸಲ್ಲುತ್ತಿತ್ತು. ನಮ್ಮ ಮನೆಯ ನಿಯಮ ಬೇರೆ: ಗಂಡಸರು ಮೊದಲು ಹೇಳಬೇಕು, ಹೆಂಡತಿಯ ಹೆಸರು ಹಿಡಿದು. ಮದುವೆಯಾಗದವರು, ಸಂಗಾತಿ ಇಲ್ಲದವರು ಅವ್ವನ ಹೆಸರಿಗೋ ಗೆಳೆಯರ ಹೆಸರಿಗೋ ಕಟ್ಟಬಹುದು. ಬೇಡ ಅಂದವರು ಚಪ್ಪಾಳೆ ಹೊಡೆದರೆ ಸಾಕು, ಒತ್ತಾಯವಿಲ್ಲ. ಕಟ್ಟಲು ಹತ್ತು ನಿಮಿಷ ಕೊಡುತ್ತೇನೆ, ಇಬ್ಬರು ಮೂವರು ಸೇರಿ ಕಟ್ಟಿದರೂ ನಡೆಯುತ್ತದೆ. ಗಿರ್ಮಿಟ್ ಕಲಸಿದ ಮೂವರು ಮತ್ತೆ ಒಟ್ಟಿಗೆ ಕೂರುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

2023ರಲ್ಲಿ, ನಮ್ಮೂರ ಸ್ಟೇಷನ್ನಿನ 1,507 ಮೀಟರಿನ ಪ್ಲಾಟ್‌ಫಾರ್ಮ್ ಉದ್ಘಾಟನೆಯಾದ ವರ್ಷ, ಮಿತಭಾಷಿ ರೈಲ್ವೆ ಅಧಿಕಾರಿಯೊಬ್ಬರು ಎದ್ದು ನಿಂತು ಹೇಳಿದರು. ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ:

ಹುಬ್ಬಳ್ಳಿ ಪ್ಲಾಟ್‌ಫಾರ್ಮ್ ಜಗತ್ತಿಗೆಲ್ಲಾ ಉದ್ದ,
ನನ್ನ ಮಾತು ಯಾವಾಗ್ಲೂ ಗಿಡ್ಡ,
… ಇದ್ದರನ ನಮ್ಮ ಮನಿಗೆ ಸದ್ದ.

ಅವರ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಕೂತಲ್ಲೇ ಕೂತಿದ್ದರು. 26 ವರ್ಷದಲ್ಲಿ ನಾಲ್ಕು ಮಂದಿಯ ಮುಂದೆ ತಮ್ಮ ಹೆಸರನ್ನು ಅವರು ಹೇಳಿದ್ದು ಅದೇ ಮೊದಲು ಅಂತ ಆಮೇಲೆ ನನಗೆ ಹೇಳಿದರು.

ಆ ಓಣಿಯ ತಂಗಿ ಮೊದಲ ವರ್ಷದ ನಂತರ ಬರುತ್ತಾಳೋ ಇಲ್ಲವೋ ಅಂತ ನನಗೆ ಅಳುಕಿತ್ತು. ನಾನೇ ಅವಳ ಮನೆಗೆ ಹೋಗಿ ತಪ್ಪಾಯಿತು ಅಂದೆ. ಎರಡನೆಯ ವರ್ಷ ಬಂದಳು, ಚಪ್ಪಾಳೆ ಹೊಡೆದಳು. ಮೂರನೆಯ ವರ್ಷ ಹೌಸಿಯಲ್ಲಿ ಗೆದ್ದಳು. ಅವಳ ತವರು ಬ್ಯಾಡಗಿಯ ಹತ್ತಿರ. ನಾಲ್ಕನೆಯ ವರ್ಷ ಒಡಪಿಗೆ ತಾನಾಗಿಯೇ ಎದ್ದಳು:

ಬ್ಯಾಡಗಿ ಮೆಣಸಿನಕಾಯಿ ಬಣ್ಣ ಕೆಂಪ,
ಹಾವೇರಿ ಯಾಲಕ್ಕಿ ಹಾರ ಊರಿಗೆಲ್ಲಾ ಕಂಪ,
… ರಾಯರು ಮನಿಗೆ ಬಂದ್ರ ನನ್ನ ಜೀವಕ್ಕ ತಂಪ.

ಅವಳ ಗಂಡ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದ. ಈ ಸಲ ಹಬ್ಬಕ್ಕೆ ಇನ್ನೂ ಮೂರು ವಾರ ಇರುವಾಗಲೇ ಫೋನು ಮಾಡಿದ್ದಳು: 'ಅಕ್ಕಾರ, ಹೌಸಿ ಚೀಟಿ ಈ ವರ್ಷ ನಾ ಬರಕೊಂಡು ಬರ್ತೇನ್ರಿ. ನೀವು ಮುಂಚೆ ನೋಡಂಗಿಲ್ಲ ಮತ್ತ.' ಆಗಲಿ ಅಂದಿದ್ದೇನೆ. ಪೆನ್ಸಿಲ್ ಮಾತ್ರ ನಾನು ಚೂಪು ಮಾಡಿ ಇಡಬೇಕು, 22.