ರೇಷ್ಮೆ ಕೊಳವೆಯಲ್ಲಿ 15 ಮಿಲಿಮೀಟರ್ ದಾಟಿದ ನರ

ಇಲಿಯ ಹಿಂಗಾಲಿಗೆ ಹೋಗುವ ದೊಡ್ಡ ಸಯಾಟಿಕ್ ನರವನ್ನು ಕತ್ತರಿಸಿ, ಎರಡು ತುದಿಗಳ ನಡುವೆ ರೇಷ್ಮೆ ಕೊಳವೆ ಹೊಲಿದು, ನರವನ್ನು 10 ಮಿಲಿಮೀಟರ್ ಅಂತರ ದಾಟಿಸಿದಾಗ ಯಾರೂ ಮೆಚ್ಚಲಿಲ್ಲ. ಅಷ್ಟು ದೂರ ಖಾಲಿ ಸಿಲಿಕೋನ್ ಕೊಳವೆಯಲ್ಲೂ ನರ ಬೆಳೆಯುತ್ತದೆ, ಸ್ವೀಡನ್ನಿನ ಲುಂಡ್‌ಬೋರ್ಗ್ 1982ರಲ್ಲೇ ತೋರಿಸಿದ್ದರು. 15 ಮಾಡುತ್ತೇನೆ ಅಂದೆ. ರೇಷ್ಮೆಯಿಂದ ಆಗಲ್ಲ, ಸುಮ್ನೆ ದುಡ್ಡು ದಂಡ ಅಂದರು. ಈಗ ಆಗಿದೆ.

ಕೊಳವೆ ಮಾಡಲು ರೇಷ್ಮೆ ಗೂಡನ್ನು ಕರಗಿಸಬೇಕು. ಗೂಡಿನ ಖರ್ಚು ಲೆಕ್ಕಕ್ಕೇ ಇಲ್ಲ. ರಾಮನಗರದಿಂದ ಒಂದು ಕಿಲೋ ಬೈವೋಲ್ಟಿನ್ ಗೂಡು ತಂದರೆ ವರ್ಷ ಸಾಕು. ಜೇಬು ಸುಡುವುದು ಅದನ್ನು ಕರಗಿಸುವ ಲಿಥಿಯಂ ಬ್ರೋಮೈಡ್ ಎಂಬ ಲವಣ. ಬೇಕಾದ ಸಾಂದ್ರತೆ 9.3 ಮೋಲಾರ್, ಅಂದರೆ ಲೀಟರಿಗೆ ಸುಮಾರು 800 ಗ್ರಾಂ. ಅದನ್ನು ಬಿಟ್ಟು ಕ್ಯಾಲ್ಸಿಯಂ ಕ್ಲೋರೈಡ್, ಎಥನಾಲ್, ನೀರಿನ ಹಳೇ 1:2:8 ಮಿಶ್ರಣ ಹಿಡಿದೆ. ಈ ದ್ರಾವಣ ಬೇಗ ಜೆಲ್ ಆಗುತ್ತದೆ. ಡಯಾಲಿಸಿಸ್ ಮಾಡಿ ಲವಣ ತೆಗೆದ ದಿನವೇ, ಕೊಳವೆಯ ಆಕಾರ ಬರಲು ಸ್ಟೀಲ್ ಕಡ್ಡಿಗೆ ಬಳಿದುಬಿಡಬೇಕು.

ಗಟ್ಟಿಯಾಗಲೆಂದು ಮೆಥನಾಲ್‌ನಲ್ಲಿ ಅದ್ದಿದ ಕೊಳವೆಗಳು, ನರಕ್ಕೆ ಹೊಲಿಯುವ ಅತಿ ಸಣ್ಣ 10-0 ನೈಲಾನ್ ದಾರದ ಸೂಜಿ ತಾಗಿದರೆ ಸಾಕು, ಸೀಳುತ್ತಿದ್ದವು. ಮೆತ್ತಗೆ ಮಾಡಿದರೆ ಸ್ನಾಯುವಿನ ಒತ್ತಡಕ್ಕೆ ಚಪ್ಪಟೆ. ತೆರೆದು ನೋಡಿದರೆ ಬರೀ ಗಾಯದ ಗಂಟು. ಇನ್ನು ಕೆಲವು ಇಲಿಗಳು ಜೋಮು ಹಿಡಿದ ಬೆರಳನ್ನು ತಾವೇ ಕಡಿದುಕೊಂಡವು, ಅವನ್ನೆಲ್ಲ ಲೆಕ್ಕದಿಂದ ಬಿಡಬೇಕಾಯಿತು. ಇಲಿ, ಮೇವು, ಅರಿವಳಿಕೆ ಸೇರಿ ಒಂದು ತಂಡಕ್ಕೆ ಅರ್ಧ ಲಕ್ಷದ ಹತ್ತಿರ ಹೋಗಿತ್ತು. ಕೊನೆಗೆ ದ್ರಾವಣಕ್ಕೆ ಗ್ಲಿಸರಾಲ್ ಬೆರೆಸಿ, ಮೆಥನಾಲ್ ಬದಲು ನೀರಿನ ಆವಿಯಲ್ಲಿ ಇಟ್ಟೆ. ಬಾಗುತ್ತದೆ, ಕುಸಿಯಲ್ಲ. ಎಷ್ಟು ಗ್ಲಿಸರಾಲ್, ಎಷ್ಟು ಹೊತ್ತು ಅನ್ನುವುದು ಸದ್ಯ ನನ್ನಲ್ಲೇ ಇರಲಿ.

ನಡುವೆ ತಸರ್ ಎಂಬ ಕಾಡು ರೇಷ್ಮೆಯ ಹುಚ್ಚು ಹಿಡಿಯಿತು. ಜೀವಕೋಶ ಅಂಟಿಕೊಳ್ಳುವ, ಆರ್‌ಜಿಡಿ ಎಂಬ ಮೂರು ಅಮೈನೋ ಆಮ್ಲಗಳ ಸರಣಿ ತಸರ್‌ನಲ್ಲಿದೆ, ಹಿಪ್ಪುನೇರಳೆ ರೇಷ್ಮೆಯಲ್ಲಿಲ್ಲ. ಆದರೆ ತಸರ್ ಕರಗುವುದೇ ಕಷ್ಟ. ಕರಗಿಸುವುದ್ಯಾಕೆ, ಎಳೆಯನ್ನೇ ಕೊಳವೆಯೊಳಗೆ ಉದ್ದಕ್ಕೆ ಹಾಯಿಸಿದರೆ ಸಾಲದೇ ಅನ್ನಿಸಿತು. ನರತಂತುಗಳನ್ನು ಸುತ್ತುವ ಷ್ವಾನ್ ಕೋಶಗಳು ಆ ಎಳೆ ಹಿಡಿದು ಸಾಲಾಗಿ ಸಾಗಿದವು. ಎಳೆ ಜಾಸ್ತಿ ತುರುಕಿದರೆ ನರಕ್ಕೇ ಜಾಗ ಇಲ್ಲ. ಕೆಲವೇ ಎಳೆ ಸಾಕು.

ಹನ್ನೆರಡನೇ ವಾರ ಮೈಕ್ರೋಸ್ಕೋಪ್ ಕೆಳಗೆ ತೆರೆದಾಗ ಕೊಳವೆಯ ನಡುವೆ ಬಿಳಿ ಹುರಿ, ಅದರ ಮೇಲೆ ಕೂದಲಿನಂಥ ರಕ್ತನಾಳಗಳು. ಅರಿವಳಿಕೆ ಹಗುರವಾಗಿಟ್ಟು, ಕೊಳವೆ ದಾಟಿದ ಮೇಲಿನ ನರವನ್ನು ಫೋರ್ಸೆಪ್ಸ್‌ನಲ್ಲಿ ಚಿವುಟಿದೆ. ಬೆನ್ನಿನ ಸ್ನಾಯು ಚಟ್ಟನೆ ಸೆಳೆಯಿತು, ಅಂದರೆ ಸಂವೇದನೆಯ ತಂತುಗಳು ಕೊಳವೆ ದಾಟಿವೆ. ನಾಲ್ಕರಲ್ಲಿ ಮೂರು ಇಲಿಗಳಲ್ಲಿ ಹೀಗೇ ಆಯಿತು. ಖಾಲಿ ಕೊಳವೆ ಹಾಕಿದವುಗಳಲ್ಲಿ ಏನೂ ಇಲ್ಲ.

ಅದೇ ಇಲಿಯ ಸ್ವಂತ ನರದ ತುಂಡು ಕಸಿ ಮಾಡುವುದೇ ಇನ್ನೂ ರೇಷ್ಮೆಗಿಂತ ಮೇಲು. ಆ ಗುಂಪಿನ ಇಲಿಗಳ ಮೀನಖಂಡ ಹೆಚ್ಚು ತೂಗಿತು, ಕಾಲ್ಬೆರಳುಗಳನ್ನೂ ಅವು ಬೇಗ ಅಗಲಿಸತೊಡಗಿದವು. ಮುಂದಿನದು ಮೊಲ, 30 ಮಿಲಿಮೀಟರ್. ಪ್ರಾಣಿ ನೈತಿಕ ಸಮಿತಿಗೆ ಅರ್ಜಿ ಹಾಕಿದ್ದೇನೆ.