ಶಾಲೆ, ಆಸ್ಪತ್ರೆಯ ಕರೆಂಟ್ ಉಳಿತಾಯ: ದುಡ್ಡು ಎಲ್ಲಿಂದ ಹೊಂದಿಸುವುದು?

ಅರ್ಜಿ ಬರೆಯುವ ಮೊದಲು ಬಿಲ್ ಕಟ್ಟುವವರು ಯಾರೆಂದು ನೋಡಿ. ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಎಂದು 2023ರ ನವೆಂಬರ್ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಘೋಷಿಸಿದರು. ಅಲ್ಲಿ ಯೂನಿಟ್ ಉಳಿಸಿದರೂ ದುಡ್ಡು ಶಾಲೆಯ ಖಾತೆಗೆ ಬಾರದು. ‘ಹಾಕಿದ ಖರ್ಚು ಬಿಲ್ ಉಳಿತಾಯದಲ್ಲೇ ವಾಪಸ್ ಬರುತ್ತದೆ’ ಎಂಬ ವಾದ ಆಸ್ಪತ್ರೆಗೆ ಮಾತ್ರ ಸಲ್ಲುತ್ತದೆ.

ಆಸ್ಪತ್ರೆಯಾದರೆ ಬಿಲ್ಲಿನಲ್ಲಿರುವ ಆರ್.ಆರ್. ನಂಬರ್ (ಸಂಪರ್ಕದ ಗುರುತಿನ ಸಂಖ್ಯೆ) ಕೊಟ್ಟು ವಿದ್ಯುತ್ ಕಂಪನಿಯಿಂದ 12 ತಿಂಗಳ ಬಿಲ್ ತೆಗೆಸಿ. ಹಾಸನದವರಿಗೆ ಸೆಸ್ಕ್, ಚಿಕ್ಕಮಗಳೂರಿನವರಿಗೆ ಮೆಸ್ಕಾಂ. ಮಂಜೂರಾದ ಲೋಡಿನ, ಅಂದರೆ ಕಂಪನಿ ಒಪ್ಪಿದ ಬಳಕೆಯ ಮಿತಿಯ ಮೇಲೆ ನಿಗದಿತ ಶುಲ್ಕ ಬೀಳುತ್ತದೆ. ಹಳೇ ಯಂತ್ರ ಮೂಲೆ ಸೇರಿದ್ದರೆ ಲೋಡ್ ಇಳಿಸಲು ಅರ್ಜಿ ಹಾಕಿ. ಇದಕ್ಕೆ ಯಾವ ಅನುದಾನವೂ ಬೇಕಿಲ್ಲ.

ಮುಂದಿನದು ಫ್ಯಾನ್. ಹಳೆಯದು 75 ವ್ಯಾಟ್, ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ ಸುಮಾರು 28. ವಾರ್ಡಿನ ಆರು ಫ್ಯಾನ್ ದಿನವಿಡೀ, ಚಳಿಗಾಲ ಬಿಟ್ಟು 250 ದಿನ ತಿರುಗಿದರೆ ಉಳಿಯುವುದು ಹತ್ತಿರ ಹತ್ತಿರ 1,690 ಯೂನಿಟ್. ಯೂನಿಟ್‌ಗೆ 7 ರೂಪಾಯಿ, ಫ್ಯಾನಿಗೆ 3,000 ಎಂದು ಹಿಡಿದರೆ ಒಂದೂವರೆ ವರ್ಷದಲ್ಲಿ ಅಸಲು ಬಂತು. ಅದೇ ಆರು ಫ್ಯಾನ್ ತರಗತಿಯಲ್ಲಿ ದಿನಕ್ಕೆ 6 ಗಂಟೆ, 150 ದಿನ ತಿರುಗಿದರೆ ಹತ್ತು ವರ್ಷ ಬೇಕು! ಶಾಲೆಯಲ್ಲಿ ಸುಟ್ಟುಹೋದ ಫ್ಯಾನನ್ನಷ್ಟೇ ಬದಲಿಸಿ. ವಾರ್ಡಿನ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ ಸಭೆಗೆ ಇಡಿ, ನಿರ್ಣಯ ಮಾಡಿಸಿ.

ಶಾಲೆಗೆ ಸಿಗುವುದು ‘ಸಮಗ್ರ ಶಿಕ್ಷಣ’ ಯೋಜನೆಯ ಸಂಯುಕ್ತ ಅನುದಾನ. 31ರಿಂದ 100 ಮಕ್ಕಳಿದ್ದರೆ 25,000 ರೂಪಾಯಿ, 101ರಿಂದ 250ರವರೆಗೆ 50,000. ಅದರಲ್ಲಿ ಶೇ 10 ಸ್ವಚ್ಛತೆಗೆ. ಸೀಮೆಸುಣ್ಣ, ರಿಜಿಸ್ಟರ್ ಕಳೆದು ಉಳಿದದ್ದರಲ್ಲಿ ಮೊದಲು ಅರ್ಥಿಂಗ್, ವೈರಿಂಗ್. ಆಮೇಲೆ ಗಾಜಿನ ಹೆಂಚು. ಮಲೆನಾಡಿನ ಹೆಂಚಿನ ಮಾಡಿಗೆ ಕೋಣೆಗೆ ನಾಲ್ಕಾರು ಗಾಜಿನ ಹೆಂಚು ಹಾಕಿದರೆ ಹಗಲಲ್ಲಿ ಟ್ಯೂಬ್‌ಲೈಟಿನ ಕೆಲಸ ಕಡಿಮೆ.

ಸೋಲಾರ್ ಮಾತ್ರ ದೊಡ್ಡ ಬಾಬತ್ತು: ಶಾಸಕರ ನಿಧಿ, ಗ್ರಾಮ ಪಂಚಾಯಿತಿ, ಇಲ್ಲವೇ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ ಹಣ). ಹಿಂದಿನ ವರ್ಷ 5 ಕೋಟಿ ನಿವ್ವಳ ಲಾಭವಿದ್ದ ಕಂಪನಿಗೂ ಸಿಎಸ್‌ಆರ್ ಕಡ್ಡಾಯ. ಸಣ್ಣ ಕಾಫಿ ತೋಟದವರು ಅದರೊಳಗೆ ಬರುವುದಿಲ್ಲ, ಅವರಲ್ಲಿ ದೇಣಿಗೆ ಕೇಳಿ. ಶಾಲೆಯ ಅರ್ಜಿಯಲ್ಲಿ ಬಿಲ್ ಉಳಿತಾಯ ಹೇಳಬೇಡಿ. ಕರೆಂಟ್ ಹೋದಾಗಲೂ ಸ್ಮಾರ್ಟ್ ಕ್ಲಾಸ್ ನಡೆಯುತ್ತದೆ ಎನ್ನಿ. ಜೊತೆಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಡಾವಳಿ, ಎಂಜಿನಿಯರ್ ಸಹಿಯ ಅಂದಾಜು ಪಟ್ಟಿ, ಮಾಡಿನ ಫೋಟೊ ಇರಲಿ.

ಒಂದು ಕಿಲೋವ್ಯಾಟಿಗೆ ನೆರಳಿಲ್ಲದ 10 ಚದರ ಮೀಟರ್ ಬೇಕು. ಕಡೂರು, ಅರಸೀಕೆರೆ ಕಡೆ ದಿನಕ್ಕೆ 4 ಯೂನಿಟ್ ನಿರೀಕ್ಷಿಸಬಹುದು. ಮೂಡಿಗೆರೆ, ಸಕಲೇಶಪುರದಲ್ಲಿ ಜೂನ್‌ನಿಂದ ಮಳೆ, ಪಾಚಿ, ಸಿಲ್ವರ್ ಓಕ್ ನೆರಳು. ಕರೆಂಟ್ ಕೈಕೊಡುವುದೂ ಆಗಲೇ. ಹಾಗಾಗಿ ಬ್ಯಾಟರಿಯ ಅಳತೆಯನ್ನು ಜುಲೈ ಲೆಕ್ಕದಲ್ಲಿ ಹಿಡಿಯಿರಿ. ಆಸಿಡ್ ಬ್ಯಾಟರಿ ನಾಲ್ಕೈದು ವರ್ಷಕ್ಕೆ ಸಾಯುತ್ತದೆ. ಹೊಸದಕ್ಕೆ ಯಾರು ಕೊಡಬೇಕೆಂದು ನಡಾವಳಿಯಲ್ಲೇ ಬರೆಸಿ. ವಾರಂಟಿ ಕಾಗದ ಗುತ್ತಿಗೆದಾರರ ಜೇಬಲ್ಲಿ ಉಳಿಯಬಾರದು.

ತೆಗೆದ ಹಳೇ ಫ್ಯಾನನ್ನು ದಾಸ್ತಾನು ವಹಿಯಿಂದ ಕಳೆದು ವಿಲೇವಾರಿ ಮಾಡಿಸಿ. ಇಲ್ಲವಾದರೆ ಪಕ್ಕದ ಕೋಣೆಯಲ್ಲಿ ಅವೇ ತಿರುಗುತ್ತವೆ, ಬಿಲ್ ಇದ್ದಲ್ಲೇ ಇರುತ್ತದೆ.